ನಲವತ್ತೆರಡನೆಯ ದಿನ

2022ರ ಸೆಪ್ಟೆಂಬರ್. ಅಮ್ಮನ ಬಲಗಣ್ಣಿನ ಪೊರೆ ತೆಗೆಸಲು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. "ಅರ್ಧ ಗಂಟೆಯ ಕೆಲಸ, ಹೊರಗೆ ಕೂತಿರಿ" ಅಂದರು. ಐದು ನಿಮಿಷ ಕೂತೆ. ಆಮೇಲೆ ಎದ್ದು, ಆಸ್ಪತ್ರೆಯ ಗೇಟು ದಾಟಿ, ರಸ್ತೆ ದಾಟಿ, ಒಂದು ಗೂಡಂಗಡಿ ಹುಡುಕಿಕೊಂಡು ಹೋಗಿ ಸಿಗರೇಟು ಹಚ್ಚಿದೆ. ಆತಂಕ ಇಳಿಯಲಿಲ್ಲ ಅಂತ ಅದರ ಹಿಂದೆಯೇ ಇನ್ನೊಂದು.

ವಾಪಸು ಬರುವಷ್ಟರಲ್ಲಿ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗಿತ್ತು. ಬಲಗಣ್ಣಿಗೆ ಪಟ್ಟಿ. ಎಡಗಣ್ಣಿನಲ್ಲೂ ಪೊರೆ ಇದ್ದುದರಿಂದ ಆಕೆಗೆ ಎದುರಿನವರ ಮುಖ ಗೊತ್ತಾಗುತ್ತಿರಲಿಲ್ಲ. ಗಾಳಿಯಲ್ಲಿ ಕೈ ಚಾಚಿ ನನ್ನ ಹೆಸರು ಕರೆಯುತ್ತಿದ್ದಳು. ನರ್ಸ್ "ಇವರ ಜೊತೆ ಯಾರಿದ್ದೀರಿ?" ಅಂತ ಸಾಲಿನಲ್ಲಿ ಕೂತವರನ್ನೆಲ್ಲ ಕೇಳುತ್ತಿದ್ದರು. ಓಡಿಹೋಗಿ ಕೈ ಹಿಡಿದೆ. ನನ್ನ ಬೆರಳುಗಳಿಂದ ಬರುತ್ತಿದ್ದ ವಾಸನೆ ಆಕೆಗೆ ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. "ಬಂದೆಯಾ" ಅಂದಳು, ಅಷ್ಟೆ.

ಅವತ್ತೇ ಸಿಗರೇಟು ಬಿಟ್ಟೆ ಅಂತ ಬರೆದರೆ ಓದುವವರಿಗೆ ಸಮಾಧಾನವಾದೀತು. ಆದರೆ ಬಿಡಲಿಲ್ಲ. ಎರಡು ದಿನದ ನಂತರ ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸು ಶಿರಾಡಿ ಘಾಟಿ ಹತ್ತಿ ಚಹಾಕ್ಕೆ ನಿಂತಾಗ ಎಲ್ಲರಿಗಿಂತ ಮೊದಲು ಕೆಳಗಿಳಿದವನು ನಾನೇ.

ನಮ್ಮಮ್ಮನಿಗೆ ತಂಬಾಕಿನ ವಾಸನೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ. ಬಂಟ್ವಾಳದ ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮದೂ ಬೀಡಿ ಕಟ್ಟಿ ಬದುಕಿದ ಮನೆ. ಬೆಳಿಗ್ಗೆ ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ತಂಬಾಕು, ನೂಲು ತರುವುದು. ಎಲೆ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸುವುದು. ತೊಡೆಯ ಮೇಲೆ ತಡಪೆ ಇಟ್ಟುಕೊಂಡು ಸಂಜೆವರೆಗೆ ಸುತ್ತುವುದು. ಇಪ್ಪತ್ತೈದರ ಕಟ್ಟು ಮಾಡಿ ಮರಳಿಸುವುದು. ಸುತ್ತಿದ್ದು ಸರಿಯಿಲ್ಲ ಅಂತ ಬ್ರಾಂಚಿನಲ್ಲಿ ತೆಗೆದು ಹಾಕಿದ ಬೀಡಿಗೆ ಕೂಲಿ ಇಲ್ಲ. ನನ್ನ ಡಿಪ್ಲೊಮಾದ ಫೀಸು ಹೋದದ್ದು ಆ ತಡಪೆಯಿಂದ. ಮೂವತ್ತು ವರ್ಷ ಕಟ್ಟಿದ ಆಕೆ ಒಂದು ಬೀಡಿಯನ್ನೂ ತುಟಿಗೆ ಇಟ್ಟವಳಲ್ಲ. ಅದೇ ಫೀಸಿನಲ್ಲಿ ಕಲಿಯುತ್ತಿದ್ದಾಗ, 19ನೇ ವಯಸ್ಸಿನಲ್ಲಿ, ಹಾಸ್ಟೆಲಿನ ಹಿಂದಿನ ಕಟ್ಟೆಯ ಮೇಲೆ ನಾನು ಶುರು ಮಾಡಿದೆ. ಇದನ್ನು ಇಲ್ಲಿ ಬರೆಯುವುದು ತಪ್ಪೊಪ್ಪಿಗೆಗಾಗಿ ಅಲ್ಲ. ಬಿಡುವುದಕ್ಕೆ ನನಗೆ ಕಾರಣಗಳ ಕೊರತೆ ಇರಲಿಲ್ಲ ಎಂಬುದು ಗೊತ್ತಾಗಲಿ ಅಂತ. ಇಂಥ ಕಾರಣಗಳನ್ನು ಎದೆಯಲ್ಲಿಟ್ಟುಕೊಂಡೇ ಇಪ್ಪತ್ತು ವರ್ಷ ಸೇದಿದೆ.

ಎರಡು ಸಲ ಬಿಟ್ಟದ್ದೂ ಉಂಟು. 2011ರಲ್ಲಿ ಒಮ್ಮೆ, 2016ರಲ್ಲಿ ಒಮ್ಮೆ ಪೀಣ್ಯದ ಗೆಳೆಯರೊಂದಿಗೆ ಅಯ್ಯಪ್ಪನ ಮಾಲೆ ಹಾಕಿದ್ದೆ. ನಲವತ್ತೊಂದು ದಿನದ ವ್ರತ: ಬೆಳಗಿನ ಜಾವ ತಣ್ಣೀರು, ಬರಿಗಾಲು, ಕಪ್ಪು ಪಂಚೆ, ಸಿಗರೇಟಿನ ಹತ್ತಿರವೂ ಸುಳಿಯುವಂತಿಲ್ಲ. ಎರಡೂ ಸಲ ನಲವತ್ತೊಂದು ದಿನ ಒಂದೂ ಸೇದಲಿಲ್ಲ. ಇರುಮುಡಿ ಹೊತ್ತು ಬೆಟ್ಟ ಹತ್ತಿ ಇಳಿದು ಊರಿಗೆ ಬಂದು ಮಾಲೆ ತೆಗೆದ ದಿನ ಸಂಜೆಯೇ ಟೀ ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಹಚ್ಚಿದೆವು. ಅದನ್ನು ಯಾರೂ ಸೋಲು ಅಂದುಕೊಳ್ಳಲಿಲ್ಲ. ವ್ರತ ಮುಗಿದಿತ್ತು, ಅಷ್ಟೆ. ನನ್ನ ಲೆಕ್ಕದಲ್ಲಿ ಅದು ದೇವರಿಗೆ ಸೇರಿದ ವಿಷಯವಾಗಿತ್ತು, ನನ್ನ ಚಟಕ್ಕೆ ಸೇರಿದ್ದಲ್ಲ.

2022ರ ಡಿಸೆಂಬರಿನಲ್ಲಿ ಒಂದು ರಾತ್ರಿ ಪಾಳಿ. ಅಂಗಡಿಯಲ್ಲಿ ಬಿಡಿ ಸಿಗರೇಟು ಖಾಲಿಯಾಗಿತ್ತು, ಪೂರ್ತಿ ಪ್ಯಾಕೆಟ್ಟೇ ಕೊಳ್ಳಬೇಕಾಯಿತು. ನಮ್ಮ ರಾಜ್ಯದಲ್ಲಿ ಬಿಡಿಯಾಗಿ ಮಾರುವುದಕ್ಕೆ ನಿಷೇಧ ಇದೆ, ಆದರೂ ಮಾರುತ್ತಾರೆ, ನಾವೂ ಕೊಳ್ಳುತ್ತೇವೆ. ಒಂದೊಂದಾಗಿ ಕೊಳ್ಳುವವನ ಕಣ್ಣಿಗೆ ಪ್ಯಾಕೆಟ್ಟೇ ಬೀಳುವುದಿಲ್ಲ. ಅದರ ಮೇಲೆ ಶೇಕಡಾ 85 ಭಾಗ ಚಿತ್ರವಿದ್ದರೂ, ಎಚ್ಚರಿಕೆಯಿದ್ದರೂ ಅವನಿಗೆ ಮುಟ್ಟುವುದು ಬರೀ ಕಡ್ಡಿ. ಅವತ್ತು ಗ್ರೈಂಡಿಂಗ್ ಮಷೀನಿನ ಪಕ್ಕ ಪ್ಯಾಕೆಟ್ಟನ್ನು ಕೈಯಲ್ಲಿ ತಿರುವುತ್ತ ಕೂತಾಗ ಚಿತ್ರದ ಕೆಳಗೆ ಒಂದು ಸಂಖ್ಯೆ ಕಂಡಿತು: 1800-11-2356. ಇಂದೇ ಬಿಡಿ, ಕರೆ ಮಾಡಿ ಅಂತ. 2018ರ ಸೆಪ್ಟೆಂಬರಿನಿಂದ ಎಲ್ಲ ಪ್ಯಾಕೆಟ್‌ಗಳ ಮೇಲೂ ಅದು ಇದೆಯಂತೆ. ನಾಲ್ಕು ವರ್ಷ ನಾನು ಅದನ್ನು ಓದಿರಲಿಲ್ಲ.

ಮರುದಿನ ಮಧ್ಯಾಹ್ನ ಎದ್ದ ಮೇಲೆ ಕರೆ ಮಾಡಿದೆ. ಬೈಗುಳ ಕಾದಿದೆ ಅಂದುಕೊಂಡೇ ಮಾಡಿದ್ದು. ದೆಹಲಿಯಲ್ಲಿ ಶುರುವಾದ ಈ ಸೇವೆಗೆ ದಕ್ಷಿಣದ ಭಾಷೆಗಳಲ್ಲಿ ಉತ್ತರಿಸುವುದು ನಮ್ಮ ನಿಮ್ಹಾನ್ಸ್‌ನವರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಮಾತಾಡಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬಿಡಬೇಕು, ಹೆಂಡತಿಗೆ ಇಷ್ಟವಿಲ್ಲ, ಮಗಳು ದೊಡ್ಡವಳಾಗುತ್ತಿದ್ದಾಳೆ, ಕಂಪನಿಯ ಡಾಕ್ಟರು ಹೇಳಿದ್ದಾರೆ, ಬಿಡಲೇಬೇಕು. ಅವರು ಪೂರ್ತಿ ಕೇಳಿಸಿಕೊಂಡರು.

"ಸರ್, ಇಷ್ಟು ಹೊತ್ತು ನೀವು 'ಬಿಡಬೇಕು' ಅಂತಲೇ ಹೇಳಿದಿರಿ. ಈ 'ಬೇಕು' ಯಾರದು?"

ನನ್ನ ಬಳಿ ಉತ್ತರವಿರಲಿಲ್ಲ. ಅದು ಹೆಂಡತಿಯದು, ಡಾಕ್ಟರದು. ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯಾದರೂ 'ಬಿಡುತ್ತೇನೆ' ಅಂದಿದ್ದೆನೇ ಅಂತ ಆ ರಾತ್ರಿ ಯೋಚಿಸಿದೆ. ಜಗಳದ ಕೊನೆಗೆ ಮಾತು ನಿಲ್ಲಿಸಲು ಅಂದದ್ದು ಬಿಟ್ಟರೆ ಅಂದಿರಲಿಲ್ಲ.

ಆಮೇಲೆ ಅವರು ಎರಡು ಪ್ರಶ್ನೆ ಕೇಳಿದರು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ, ಬಿಡುವುದು ನಿಮಗೆ ಎಷ್ಟು ಮುಖ್ಯ? ಎಂಟು ಅಂದೆ. ಬಿಡಬಲ್ಲೆ ಎಂಬ ನಂಬಿಕೆ ಎಷ್ಟು? ಮೂರು. ಈಗ 'ಎಂಟು ಇದ್ದರೆ ಸಾಲದು' ಅಂತ ಏನೋ ಹೇಳುತ್ತಾರೆ ಅಂತ ಕಾದೆ. ಅವರು ಕೇಳಿದ್ದು ಬೇರೆ: "ಮೂರು ಅಂದಿರಿ. ಸೊನ್ನೆ ಯಾಕೆ ಅನ್ನಲಿಲ್ಲ?"

ಈ ಪ್ರಶ್ನೆ ಎಷ್ಟು ಜಾಣತನದ್ದು ಅಂತ ನನಗೆ ಹೊಳೆದದ್ದು ತಿಂಗಳುಗಳ ನಂತರ. 'ಹತ್ತು ಯಾಕಲ್ಲ' ಅಂದಿದ್ದರೆ ನನ್ನ ದೌರ್ಬಲ್ಯದ ಪಟ್ಟಿ ಒಪ್ಪಿಸುತ್ತಿದ್ದೆ. ಅದು ನನಗೆ ಬಾಯಿಪಾಠ. 'ಸೊನ್ನೆ ಯಾಕಲ್ಲ' ಅಂದಾಗ ನನ್ನೊಳಗೆ ಏನಿದೆ ಅಂತ ನಾನೇ ಹುಡುಕಬೇಕಾಯಿತು. ಹುಡುಕಿದಾಗ ಬಾಯಿಗೆ ಬಂದದ್ದು ಮಾಲೆ. "ನಲವತ್ತೊಂದು ದಿನ ಇದ್ದೆ ಮೇಡಂ, ಎರಡು ಸಲ."

ಅವರ ದನಿಯೇ ಬದಲಾಯಿತು. ಆ ದಿನಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೆ ಏನು ಮಾಡುತ್ತಿದ್ದಿರಿ? ಟೀ ಅಂಗಡಿಗೆ ಹೋಗುತ್ತಿದ್ದಿರಾ? ಸೇದಬೇಕು ಅನ್ನಿಸಿದಾಗ? ಒಂದೊಂದಾಗಿ ಹೇಳುತ್ತ ಹೋದ ಹಾಗೆ ಆ ನಲವತ್ತೊಂದು ದಿನ ಹೇಗೆ ನಡೆದಿತ್ತು ಎಂಬುದು ನನಗೇ ಮೊದಲ ಸಲ ಕಂಡಿತು. ಎದ್ದ ಕೂಡಲೆ ಸ್ನಾನ, ಪೂಜೆ. ಹಾಗಾಗಿ ಮೊದಲ ಸಿಗರೇಟಿನ ಹೊತ್ತು ತುಂಬಿಹೋಗಿತ್ತು. ಕಾಫಿ ಟೀ ಬಿಟ್ಟಿದ್ದೆ. ಸಂಜೆ ಭಜನೆಯಲ್ಲಿ ನನ್ನಂಥವರೇ ಹತ್ತು ಜನ. ಎಲ್ಲಕ್ಕಿಂತ ಹೆಚ್ಚಾಗಿ, ಅಂಗಡಿಯವನಿಂದ ಸೂಪರ್‌ವೈಸರ್‌ವರೆಗೆ ಎಲ್ಲರೂ ನನ್ನನ್ನು 'ಸ್ವಾಮಿ' ಅಂತ ಕರೆಯುತ್ತಿದ್ದರು. ಸ್ವಾಮಿಗೆ ಯಾರೂ ಸಿಗರೇಟು ಚಾಚುವುದಿಲ್ಲ. ಸ್ವಾಮಿಯೂ ಕೇಳುವುದಿಲ್ಲ. ಅದು ಬರೀ ಮನೋಬಲದ ಮಾತಾಗಿರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನನ್ನ ಸುತ್ತ ಒಂದು ಬೇಲಿ ಇತ್ತು.

"ನಲವತ್ತೆರಡನೆಯ ದಿನಕ್ಕೆ ಏನು ತಯಾರಿ ಇತ್ತು?" ಅಂದರು.

ಏನೂ ಇರಲಿಲ್ಲ.

ಬಿಡುವ ದಿನ ನಾನೇ ಗೊತ್ತು ಮಾಡಬೇಕಿತ್ತು. ಜನವರಿ ಒಂದು ಬೇಡ ಅನ್ನಿಸಿತು, ಆ ದಿನದ ಸಂಕಲ್ಪಗಳು ಎಷ್ಟೋ ಕೆಟ್ಟಿವೆ. 2023ರ ಜನವರಿ 16, ಸೋಮವಾರ ಅಂತ ಹೇಳಿದೆ. ಸಂಕ್ರಾಂತಿಯ ಮರುದಿನ. ಮಕರವಿಳಕ್ಕು ಮುಗಿಸಿ ಬಂದ ಗೆಳೆಯರು ಮಾಲೆ ತೆಗೆದು ಮತ್ತೆ ಸೇದಲು ಶುರು ಮಾಡುವ ವಾರ ಅದು. ಆ ವಾರ ನನಗೆ ಗೊತ್ತಿತ್ತು.

ನಡುವೆ ಸಿಕ್ಕಿದ ಎರಡೂವರೆ ವಾರದಲ್ಲಿ ಸಿಗರೇಟು ಕಡಿಮೆ ಮಾಡಲು ಅವರು ಹೇಳಲಿಲ್ಲ, ಬರೆದಿಡಲು ಹೇಳಿದರು. ಯಾವ ಹೊತ್ತಿಗೆ, ಎಲ್ಲಿ, ಜೊತೆಗೆ ಯಾರು, ಎಷ್ಟು ತಲಬು. ಕೆಲಸದ ಲಾಗ್ ಪುಸ್ತಕದ ಹಿಂಬದಿಯಲ್ಲಿ ಬರೆದೆ. ಹತ್ತು ಅಂದುಕೊಂಡಿದ್ದು ದಿನಕ್ಕೆ ಹದಿನಾಲ್ಕು ಬಂತು. ಐದು ಟೀ ಜೊತೆಗಿನವು. ಮೂರನ್ನು ಯಾಕೆ ಸೇದಿದೆ ಅಂತ ಬರೆಯಲು ಏನೂ ತೋಚಲಿಲ್ಲ, ಯಾರೋ ಪಕ್ಕದಲ್ಲಿ ಹಚ್ಚಿದ್ದರು, ಅಷ್ಟೆ. ನಿಜವಾಗಿ ಬೇಕೇ ಬೇಕು ಅನ್ನಿಸಿದ್ದು ನಾಲ್ಕೈದು. ಹದಿನಾಲ್ಕು ಎಂಬ ಗುಡ್ಡ ನಾಲ್ಕೈದಕ್ಕೆ ಇಳಿದದ್ದು ನೋಡಿ ನನ್ನ 'ಮೂರು' ಅವತ್ತೇ 'ಐದು' ಆಯಿತು. ಈ ಬರೆಯುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ನನ್ನ ಪಾಲಿಗೆ ತಯಾರಿ ಅಂದರೆ ಬಹುಪಾಲು ಇದೇ.

ಇನ್ನೊಂದು ಪ್ರಶ್ನೆ ಕೇಳಿದ್ದರು: ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ಹತ್ತು ನಿಮಿಷ ಅಂದಿದ್ದೆ. ಹಾಗಾದರೆ ವೈದ್ಯರನ್ನೂ ನೋಡಿ ಅಂದರು. ರಕ್ತದಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ; ರಾತ್ರಿ ನಿದ್ದೆಯಲ್ಲಿ ಬಹುತೇಕ ಬರಿದಾಗಿರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದದಿದ್ದರೆ ಆಗದು ಅನ್ನುವವನ ಮೈ ಅದಕ್ಕೆ ಗಟ್ಟಿಯಾಗಿ ಒಗ್ಗಿಹೋಗಿದೆ ಅಂತ ಅರ್ಥ. ವೈದ್ಯರು ಒಂದು ಪುಟ್ಟ ಯಂತ್ರ ಕೊಟ್ಟು, ಉಸಿರು ಹದಿನೈದು ಸೆಕೆಂಡು ಹಿಡಿದು ನಿಧಾನವಾಗಿ ಊದಿ ಅಂದರು. 17 ಅಂತ ತೋರಿಸಿತು. ಅದು ನನ್ನ ಉಸಿರಿನಲ್ಲಿದ್ದ ಕಾರ್ಬನ್ ಮಾನಾಕ್ಸೈಡ್. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಅನಿಲ. ಪ್ಯಾಕೆಟ್ಟಿನ ಮೇಲಿನ ಗಂಟಲಿನ ಚಿತ್ರ ಬೇರೆ ಯಾರದೋ ಗಂಟಲಾಗಿತ್ತು. ಈ 17 ನನ್ನದು.

4 ಮಿಲಿಗ್ರಾಂನ ನಿಕೋಟಿನ್ ಗಮ್ ಬರೆದುಕೊಟ್ಟರು. ಅದನ್ನು ಬಬಲ್ ಗಮ್ಮಿನ ಹಾಗೆ ಜಗಿದರೆ ಕೆಲಸಕ್ಕೆ ಬಾರದು. ನಾನು ಮೊದಲ ದಿನ ಹಾಗೇ ಜಗಿದು ಬಿಕ್ಕಳಿಕೆ, ಹೊಟ್ಟೆ ತೊಳಸು. ಮೆಲ್ಲಗೆ ಜಗಿಯಬೇಕು, ಮೆಣಸಿನ ಚುರುಕು ನಾಲಿಗೆಗೆ ತಾಗಿದ ಕೂಡಲೆ ನಿಲ್ಲಿಸಿ ದವಡೆ ಮತ್ತು ಕೆನ್ನೆಯ ನಡುವೆ ಇಟ್ಟುಕೊಳ್ಳಬೇಕು, ಚುರುಕು ಆರಿದ ಮೇಲೆ ಮತ್ತೆ ಜಗಿಯಬೇಕು, ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗಬೇಕಾದದ್ದು ಬಾಯಿಯ ಒಳಚರ್ಮದಿಂದ. ಅದಕ್ಕೆ ಮುಂಚಿನ ಹದಿನೈದು ನಿಮಿಷ ಕಾಫಿ ಕುಡಿದಿರಬಾರದು; ಹುಳಿ ಅಂಶ ಇದ್ದರೆ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಕಾಫಿಯ ನಾಡಿನಲ್ಲಿ ಈ ಮಾತು ತಿಳಿಯದೆ 'ಗಮ್ಮಿನಿಂದ ಏನೂ ಆಗಲಿಲ್ಲ' ಅನ್ನುವವರು ಎಷ್ಟು ಜನರೋ.

ಹದಿನಾರನೇ ತಾರೀಖು ಬಂತು. ಹಿಂದಿನ ರಾತ್ರಿಯೇ ಲೈಟರು, ಬೂದಿ ಬಟ್ಟಲು ಎರಡನ್ನೂ ಕಸಕ್ಕೆ ಹಾಕಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿದೆ, ಮಾಲೆಯ ದಿನಗಳ ಹಾಗೇ. ಅದು ನನ್ನ ಹಳೆಯ ಬೇಲಿಯ ಮೊದಲ ಗೂಟ. ಗೆಳೆಯರಿಗೆ ವಾರದ ಮೊದಲೇ ಹೇಳಿದ್ದೆ. ಒಬ್ಬ ನಕ್ಕ. ಟೀ ಅಂಗಡಿಯವನು ಮಾತ್ರ ಒಂದು ಉಪಕಾರ ಮಾಡಿದ: ನಾನು ಹೋದಾಗ ಸಿಗರೇಟಿನ ಡಬ್ಬದ ಕಡೆ ಕೈ ಚಾಚುವ ಅಭ್ಯಾಸವನ್ನು ಅವನೂ ಬಿಟ್ಟ.

ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ತುಂಬ ಕಷ್ಟವಾಯಿತು. ಸಣ್ಣ ಮಾತಿಗೆ ಸಿಡುಕು, ಮೈಕ್ರೋಮೀಟರ್ ಓದುವಾಗ ಕಣ್ಣು ನಿಲ್ಲದು, ರಾತ್ರಿ ವಿಚಿತ್ರ ಕನಸು, ಬೆಳಿಗ್ಗೆ ಹೊಟ್ಟೆ ಬಿಗಿತ. ಮಗಳ ಪುಸ್ತಕ ಎತ್ತಿ ಎಸೆದೆ ಒಂದು ಸಂಜೆ. ಆಮೇಲೆ ಅವಳ ಹತ್ತಿರ ಕೂತು ಇದು ಯಾಕೆ ಹೀಗೆ ಅಂತ ವಿವರಿಸಿದೆ. ಒಂಬತ್ತು ವರ್ಷದ ಹುಡುಗಿ, ಗಂಭೀರವಾಗಿ ಕೇಳಿ, ಮರುದಿನದಿಂದ ಕ್ಯಾಲೆಂಡರಿನಲ್ಲಿ ದಿನಗಳಿಗೆ ಗುರುತು ಹಾಕತೊಡಗಿದಳು. ತಲಬು ಒಂದೇ ಸಮ ಇರುವುದಿಲ್ಲ, ಏರಿ ಇಳಿಯುತ್ತದೆ, ಕೆಲವು ನಿಮಿಷ ತಡೆದರೆ ಅದಾಗಿಯೇ ಹೋಗುತ್ತದೆ ಅಂತ ಮೇಡಂ ಹೇಳಿದ್ದರು. ನಮ್ಮ ಕಡಲ ತೀರದವರಿಗೆ ಅದು ಬೇಗ ಅರ್ಥವಾಗುವ ಮಾತು. ತೆರೆ ಬಂದಾಗ ನೀರು ಕುಡಿಯುತ್ತಿದ್ದೆ, ಲೇತ್‌ಗಳ ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಹತ್ತು ದಿನದ ಮೇಲೆ ವೈದ್ಯರ ಯಂತ್ರದಲ್ಲಿ ಮತ್ತೆ ಊದಿದೆ: 2.

ಹತ್ತೊಂಬತ್ತನೆಯ ದಿನ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರು. ಚಿತಾಗಾರದ ಹೊರಗೆ ಹಳೆಯ ಗುಂಪು ನಿಂತಿತ್ತು. ಒಬ್ಬರು ಮಾತಾಡುತ್ತಲೇ ಚಾಚಿದರು, ನಾನೂ ಮಾತಾಡುತ್ತಲೇ ತೆಗೆದುಕೊಂಡೆ. ಸೇದಿಬಿಟ್ಟೆ. ನಮ್ಮ ಭಾಷೆಯಲ್ಲಿ ಬಿಡುವ ಮಾತೂ ಜಾರಿದ ಮಾತೂ ಒಂದೇ ಧಾತುವಿನಲ್ಲಿವೆ, 'ಬಿಟ್ಟೆ', 'ಸೇದಿಬಿಟ್ಟೆ' ಅಂತ ಅವತ್ತು ರಾತ್ರಿ ನಿದ್ದೆ ಬಾರದೆ ಹೊರಳುವಾಗ ಹೊಳೆಯಿತು. ಎಲ್ಲ ಮುಗಿಯಿತು, ಇನ್ನು ನಾಳೆಯಿಂದ ಯಥಾಪ್ರಕಾರ ಅನ್ನುವ ದನಿಯೂ ಒಳಗಿತ್ತು. ಅದು ಎಷ್ಟು ಹಿತವಾದ ದನಿ ಅಂತ ಜಾರಿದವರಿಗೇ ಗೊತ್ತು.

ಎರಡು ದಿನದ ಮೇಲೆ ಮೇಡಂ ಅವರೇ ಕರೆ ಮಾಡಿದರು, ಮೊದಲೇ ಗೊತ್ತು ಮಾಡಿದ್ದ ಕರೆ. ಮುಚ್ಚಿಡೋಣ ಅನ್ನಿಸಿತ್ತು, ಹೇಳಿದೆ. "ಜಾರುವುದು ಬೇರೆ, ಬೀಳುವುದು ಬೇರೆ ಸರ್. ಹದಿನೆಂಟು ದಿನ ಎಲ್ಲೂ ಹೋಗಿಲ್ಲ. ಆ ಸಿಗರೇಟಿಗಿಂತ ಐದು ನಿಮಿಷ ಮುಂಚೆ ಎಲ್ಲಿ ನಿಂತಿದ್ದಿರಿ, ಅದು ಹೇಳಿ." ಗುಂಪಿನ ನಡುವೆ, ಕೈ ಖಾಲಿ, ಜೇಬಿನಲ್ಲಿ ಗಮ್ ಇಲ್ಲ. ಮುಂದಿನ ಸಲ ಸಾವಿನ ಮನೆಗೆ ಹೋದಾಗ ಏನಾದರೊಂದು ಕೆಲಸ ಹಿಡಿದು ನಿಲ್ಲುವುದು ಅಂತ ತೀರ್ಮಾನವಾಯಿತು. ಮಗಳಿಗೂ ಹೇಳಿದೆ. ಅವಳು ಆ ದಿನಕ್ಕೆ ಗುರುತು ಹಾಕಲಿಲ್ಲ, ಮರುದಿನಕ್ಕೆ ಹಾಕಿದಳು.

ಫೆಬ್ರವರಿ 26, ನಲವತ್ತೆರಡನೆಯ ದಿನ. ಭಾನುವಾರವಾಗಿತ್ತು. ಬೇಕೆಂದೇ ರಜೆಯ ದಿನವೂ ಟೀ ಅಂಗಡಿಗೆ ಹೋದೆ. ಒಂದು ಟೀ ಕುಡಿದೆ. ಕುಡಿಯುವಷ್ಟು ಹೊತ್ತೂ ಎದೆ ಹೊಡೆದುಕೊಳ್ಳುತ್ತಿತ್ತು. ಲೋಟ ಇಟ್ಟು ಮನೆಗೆ ಬಂದೆ.

ಈ ಬಗ್ಗೆ ಓದಿಕೊಂಡದ್ದು ಆಮೇಲೆ. ಪ್ರೊಚಾಸ್ಕಾ, ಡಿಕ್ಲೆಮೆಂಟೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಧೂಮಪಾನ ಬಿಡುವವರನ್ನೇ ಅಭ್ಯಾಸ ಮಾಡಿ 1983ರಲ್ಲಿ ಬದಲಾವಣೆಯ ಹಂತಗಳನ್ನು ವಿವರಿಸಿದರು: ಯೋಚನೆಯೇ ಇಲ್ಲದ ಹಂತ, ಯೋಚಿಸುತ್ತಿರುವ ಹಂತ, ಆಮೇಲೆ ಕ್ರಿಯೆ, ಅದನ್ನು ಉಳಿಸಿಕೊಳ್ಳುವುದು. ಯೋಚನೆಗೂ ಕ್ರಿಯೆಗೂ ನಡುವೆ ತಯಾರಿಯನ್ನೂ ಒಂದು ಹಂತವಾಗಿ ಎಣಿಸುತ್ತಾರೆ. ನಾನು ಹದಿನೈದು ವರ್ಷ ಯೋಚಿಸುವ ಹಂತದಲ್ಲೇ ಕೂತಿದ್ದೆ, ಅದನ್ನೇ ತಯಾರಿ ಅಂತ ತಿಳಿದಿದ್ದೆ. ಒಂದು ಮಾತು ಸೇರಿಸಬೇಕು. ಎಲ್ಲರಿಗೂ ಇಷ್ಟು ತಯಾರಿ ಬೇಕಿಲ್ಲ. ನಮ್ಮ ಪ್ಯಾಕಿಂಗ್ ವಿಭಾಗದ ಒಬ್ಬರು ಒಂದು ಮಧ್ಯಾಹ್ನ ಅರ್ಧ ಸೇದಿದ್ದನ್ನು ಎಸೆದು ಮತ್ತೆ ಮುಟ್ಟಲಿಲ್ಲ. ಅಂಥವರಿಗೆ 'ಮೊದಲು ತಯಾರಾಗಿ' ಅಂತ ತಡೆಯುವುದು ದೊಡ್ಡ ತಪ್ಪು.

ಗಮ್ ಹನ್ನೆರಡು ವಾರದಲ್ಲಿ ನಿಂತಿತು. ತೂಕ ನಾಲ್ಕು ಕೆ.ಜಿ. ಏರಿತು, ಸಾರಿನ ಉಪ್ಪು ಹುಳಿ ಬೇರೆ ಬೇರೆಯಾಗಿ ನಾಲಿಗೆಗೆ ಸಿಗತೊಡಗಿತು. ಜೂನಿನಲ್ಲಿ ಅಮ್ಮನ ಎಡಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಅದೇ ಆಸ್ಪತ್ರೆ, ಅದೇ ಬೆಂಚು. ನಲವತ್ತು ನಿಮಿಷ ಕೂತಿದ್ದೆ.

ಒಂದು ವರ್ಷದ ಮೇಲೆ, 2024ರ ಜನವರಿಯಲ್ಲಿ, ಮೇಡಂ ಮತ್ತೆ ಅವೇ ಎರಡು ಪ್ರಶ್ನೆ ಕೇಳಿದರು. ನಂಬಿಕೆ ಎಂಟು ಅಂದೆ. "ಇನ್ನೆರಡು ಎಲ್ಲಿ ಉಳಿದಿದೆ?" ಅಂದರು. ಮದುವೆ ಊಟದ ನಂತರದ ಎಲೆ ಅಡಿಕೆಯ ಹೊತ್ತು, ಊರಿನ ಭಾವನ ಅಂಗಳ, ಅವನು ಕೂತಲ್ಲೇ ಚಾಚುವ ಪ್ಯಾಕೆಟ್ಟು ಅಂತ ಹೇಳಿದೆ. ಮುಂದಿನ ವಾರವೇ ಆ ಅಂಗಳದಲ್ಲಿ ಮದುವೆ ಇತ್ತು. ಹೊರಡುವ ದಿನ ಉಪ್ಪಿನಲ್ಲಿ ಒಣಗಿಸಿದ ನೆಲ್ಲಿಕಾಯಿ ಒಂದು ಪೊಟ್ಟಣ ಕಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡೆ, ಬಡಿಸುವ ಸಾಲಿಗೆ ನನ್ನನ್ನೂ ಸೇರಿಸಿಕೊಳ್ಳಿ ಅಂತ ಭಾವನಿಗೆ ಫೋನು ಮಾಡಿ ಹೇಳಿದೆ.